ಬರುತ್ತಿರುವ ಲೋಕಲ್ ರೈಲು ಕಣ್ಣಿಗೆ ಕಾಣುತ್ತಿದ್ದರೂ ಮುಂಬೈಯಲ್ಲಿ ಹಳಿ ದಾಟುವವರು ಏಕೆ ಸಾಯುತ್ತಾರೆ?

ರೈಲು ಕಾಣುತ್ತದೆ, ಅದರ ವೇಗ ಕಾಣುವುದಿಲ್ಲ. ದೊಡ್ಡ ಗಾತ್ರದ ವಸ್ತು ನೇರವಾಗಿ ನಮ್ಮತ್ತ ಬರುವಾಗ ಅದು ನಿಜಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ಕಣ್ಣಿಗೆ ತೋರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಫಾಸ್ಟ್ ಲೋಕಲ್ ಒಂದೇ ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗಿರುತ್ತದೆ. ಚಾಲಕ ತುರ್ತು ಬ್ರೇಕ್ ಹಾಕಿದರೂ ಅದು ನಿಲ್ಲಲು ನೂರಾರು ಮೀಟರ್ ಬೇಕು. ಪಕ್ಕಕ್ಕೆ ತಿರುಗಿಸುವ ಮಾತಂತೂ ಇಲ್ಲ.

ಇದಕ್ಕಿಂತ ಭಯಂಕರವಾದದ್ದು ಎರಡನೆಯ ರೈಲು. ಅಲ್ಲಿನ ಹಲವು ನಿಲ್ದಾಣಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಹಳಿಗಳಿವೆ. ಒಂದು ಗಾಡಿ ದಾಟಿಹೋಯಿತೆಂದು ಹೆಜ್ಜೆ ಇಟ್ಟವರಿಗೆ, ಅದರ ಮರೆಯಲ್ಲಿ ಎದುರು ದಿಕ್ಕಿನಿಂದ ಬರುವ ಇನ್ನೊಂದು ಕಾಣುವುದಿಲ್ಲ. ಮೊದಲನೆಯದರ ಸದ್ದಿನಲ್ಲಿ ಇದರ ಹಾರ್ನ್ ಮುಳುಗಿಹೋಗುತ್ತದೆ.

ಮುಂಬೈಯ ವಡಾಲಾ ನಿಲ್ದಾಣದ ಬಳಿ ನಡೆದ ಪ್ರಯೋಗವೊಂದು ರೈಲು ನಿಧಾನವೆಂದು ತೋರುವ ಆ ದೃಷ್ಟಿಭ್ರಮೆಯನ್ನೇ ಗುರಿಯಾಗಿಸಿಕೊಂಡಿತ್ತು. ಹಳಿಯಡಿ ಅಡ್ಡಲಾಗಿ ಹಾಸಿರುವ ಕೆಲವು ದಿಮ್ಮಿಗಳಿಗೆ (ಸ್ಲೀಪರ್‌ಗಳಿಗೆ) ಹಳದಿ ಬಣ್ಣ ಬಳಿದರು. ಆ ಪಟ್ಟೆಗಳು ಒಂದೊಂದಾಗಿ ರೈಲಿನಡಿ ಮರೆಯಾಗುವುದನ್ನು ನೋಡಿದಾಗ ವೇಗದ ಅಂದಾಜು ಸಿಗುತ್ತದೆ. ಉದ್ದನೆಯ ಒಂದು ಹಾರ್ನ್ ಬದಲು ಎರಡು ಚುಟುಕು ಹಾರ್ನ್ ಹಾಕಿಸಿದರು.

1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹಳಿ ದಾಟುವುದಕ್ಕೆ ಆರು ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಆದರೆ ದಂಡದಿಂದ ಇದು ನಿಲ್ಲುತ್ತದೆಂದು ನನಗೆ ಅನ್ನಿಸುವುದಿಲ್ಲ. ಮೇಲ್ಸೇತುವೆ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ, ಮನೆಯ ದಾರಿ ಇನ್ನೊಂದು ತುದಿಯಲ್ಲಿ ಇರುವವರೆಗೂ ದಣಿದ ಕಾಲುಗಳು ಹಳಿಗೇ ಇಳಿಯುತ್ತವೆ. ಬೇಕಾಗಿರುವುದು ಜನ ನಡೆಯುವ ಜಾಗದಲ್ಲೇ ಸೇತುವೆ, ಎಸ್ಕಲೇಟರ್, ಹಳಿಗಳ ನಡುವೆ ಗಟ್ಟಿ ಬೇಲಿ.