ತೂಗಬೇಕಾದದ್ದು ಡಬ್ಬಿಯನ್ನಲ್ಲ, ಮೀನನ್ನು

ಪ್ರಶ್ನೆ: ಸೂಪರ್‌ಮಾರ್ಕೆಟ್‌ನಲ್ಲಿ ಹಲವು ಬ್ರಾಂಡ್‌ಗಳ ಡಬ್ಬಿ ಟ್ಯೂನಾ ಸಾಲಾಗಿ ಜೋಡಿಸಿರುತ್ತಾರೆ, ಬೆಲೆಗಳಲ್ಲಿ ಮಾತ್ರ ಅಜಗಜಾಂತರ. ದುಬಾರಿ ಡಬ್ಬಿಯ ಮೀನು ನಿಜಕ್ಕೂ ಹೆಚ್ಚು ರುಚಿಯೇ? ಕೊಟ್ಟ ಹಣಕ್ಕೆ ತಕ್ಕದ್ದು ಯಾವುದೆಂದು ತಿಳಿಯುವುದು ಹೇಗೆ?

ಉತ್ತರ: ಬ್ರಾಂಡ್‌ನ ಹೆಸರನ್ನು ಸ್ವಲ್ಪ ಹೊತ್ತು ಮರೆತು, ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿ. ಸಾಮಾನ್ಯವಾಗಿ ಅಲ್ಲಿ ಎರಡು ತೂಕಗಳಿರುತ್ತವೆ: ಒಂದು ಒಟ್ಟು ನಿವ್ವಳ ತೂಕ, ಇನ್ನೊಂದು ನೀರನ್ನೋ ಎಣ್ಣೆಯನ್ನೋ ಬಸಿದ ಮೇಲೆ ಉಳಿಯುವ ಮೀನಿನ ತೂಕ. ನಿಮಗೆ ಬೇಕಾದದ್ದು ಎರಡನೆಯದು. 185 ಗ್ರಾಂ ಎಂದು ಬರೆದಿರುವ ಎರಡು ಡಬ್ಬಿಗಳಲ್ಲಿ ಒಂದರಲ್ಲಿ 140 ಗ್ರಾಂ, ಮತ್ತೊಂದರಲ್ಲಿ 120 ಗ್ರಾಂ ಮೀನು ಸಿಕ್ಕರೆ, ಎರಡನೆಯದರ ಬೆಲೆ ಶೇ. 10ರಷ್ಟು ಕಡಿಮೆಯಿದ್ದರೂ ಅದೇ ದುಬಾರಿ. ಬಸಿದ ತೂಕವನ್ನು ನಮೂದಿಸದ ಡಬ್ಬಿಯಾದರೆ ಮನೆಯಲ್ಲಿ ಒಮ್ಮೆ ಜರಡಿಗೆ ಸುರಿದು, ಐದು ನಿಮಿಷ ಬಿಟ್ಟು ತೂಗಿ ನೋಡಿ.

ರುಚಿಯ ವಿಷಯದಲ್ಲಿ ಮೀನಿನ ಜಾತಿಯೇ ದೊಡ್ಡ ವ್ಯತ್ಯಾಸ ತರುತ್ತದೆ. ಸ್ಕಿಪ್‌ಜ್ಯಾಕ್ ಬಣ್ಣದಲ್ಲಿ ಗಾಢ, ರುಚಿಯಲ್ಲಿ ಖಡಕ್. ಆಲ್ಬಕೋರ್ ಬಿಳುಪು, ಸೌಮ್ಯ ಮತ್ತು ಸಾಮಾನ್ಯವಾಗಿ ದುಬಾರಿ. ಆಲ್ಬಕೋರ್‌ನಲ್ಲಿ ಪಾದರಸದ ಅಂಶ ಸ್ಕಿಪ್‌ಜ್ಯಾಕ್‌ಗಿಂತ ಸರಾಸರಿ ಮೂರು ಪಟ್ಟಿನಷ್ಟಿರುವುದರಿಂದ, ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅಗ್ಗದ ಸ್ಕಿಪ್‌ಜ್ಯಾಕೇ ಮೇಲು ಎಂಬುದನ್ನು ಒತ್ತಿ ಹೇಳುತ್ತೇನೆ. ಎಣ್ಣೆಯಲ್ಲಿಟ್ಟ ಮೀನು ಮೃದುವಾಗಿರುತ್ತದೆ, ಆದರೆ ಆ ಎಣ್ಣೆಯನ್ನು ಚೆಲ್ಲಿದರೆ ಒಮೆಗಾ-3 ಕೊಬ್ಬಿನ ಒಂದು ಪಾಲೂ ಅದರೊಡನೆ ಹೋಗುತ್ತದೆ. ನೀರಿನ ಡಬ್ಬಿಯಲ್ಲಿ ಈ ನಷ್ಟ ತೀರಾ ಕಡಿಮೆ. ಆದ್ದರಿಂದ ಒಂದೇ ಜಾತಿಯ, ಒಂದೇ ದ್ರವದಲ್ಲಿಟ್ಟ ಡಬ್ಬಿಗಳನ್ನಷ್ಟೇ ಪರಸ್ಪರ ಹೋಲಿಸಬೇಕು.

ಇನ್ನು ಪರೀಕ್ಷೆ. ನಾಲ್ಕು ಡಬ್ಬಿಗಳನ್ನು ತೆರೆದು, ಬಸಿದು, ಒಂದೇ ಬಗೆಯ ತಟ್ಟೆಗಳಲ್ಲಿ ಹಾಕಿ, ಯಾವುದು ಯಾವ ಬ್ರಾಂಡ್ ಎಂಬುದನ್ನು ಮನೆಯವರೊಬ್ಬರು ಮಾತ್ರ ಬರೆದಿಟ್ಟುಕೊಳ್ಳಲಿ. ನಿಂಬೆರಸವಾಗಲಿ ಮೆಯೊನೇಸ್ ಆಗಲಿ ಬೇಡ. ಅವು ಕಳಪೆ ಮೀನಿನ ದೋಷವನ್ನೂ ಮುಚ್ಚಿಬಿಡುತ್ತವೆ. ಮುಳ್ಳುಚಮಚದಿಂದ ಮೆಲ್ಲಗೆ ಒತ್ತಿದಾಗ ಒಳ್ಳೆಯ ತುಂಡು ತನ್ನ ಪದರಗಳಗುಂಟ ಬಿಚ್ಚಿಕೊಳ್ಳುತ್ತದೆ, ಒಳಗೆ ತೇವ ಹೊಳೆಯುತ್ತದೆ. ಕಳಪೆಯದ್ದು ಒದ್ದೆ ಮರದ ಹೊಟ್ಟಿನಂತೆ ಉದುರುತ್ತದೆ, ಬಾಯಲ್ಲಿ ಉಪ್ಪೊಂದೇ ಉಳಿಯುತ್ತದೆ. ಅಂಗಡಿಯ ಸ್ವಂತ ಹೆಸರಿನ ಡಬ್ಬಿಯನ್ನೂ ಈ ಸಾಲಿಗೆ ತಪ್ಪದೆ ಸೇರಿಸಿ, ಹೆಸರು ಕಾಣದಿರುವಾಗ ಅದರ ಬಗೆಗಿನ ತಾತ್ಸಾರ ಎಷ್ಟು ಬೇಗ ಕರಗುತ್ತದೆಂದು ನೀವೇ ಕಾಣುವಿರಿ. ಸ್ಯಾಂಡ್‌ವಿಚ್‌ಗೆ ಹೇಗೂ ಮಸೆದು ಕಲಸುವ ಮೀನಾದರೆ ಪುಡಿತುಂಡುಗಳ ಅಗ್ಗದ ಡಬ್ಬಿಯೇ ಸಾಕು. ಇಡೀ ತುಂಡುಗಳಿಗೆ ಹೆಚ್ಚು ಹಣ ಕೊಡುವುದು ಅದನ್ನು ಹಾಗೆಯೇ ಬಡಿಸುವಾಗ ಮಾತ್ರ ಸಾರ್ಥಕ.

ಪ್ರಶ್ನೆ: ಒಂದು ಡಬ್ಬಿಯಲ್ಲಿ ಗಾಜಿನ ಚೂರಿನಂಥ ಹರಳುಗಳಿದ್ದವು. ಅದನ್ನು ಎಸೆಯಬೇಕಿತ್ತೇ?

ಉತ್ತರ: ಅವು ಬಹುಶಃ ಸ್ಟ್ರುವೈಟ್ ಹರಳುಗಳು. ಮೀನಿನಲ್ಲಿ ಸಹಜವಾಗಿಯೇ ಇರುವ ಖನಿಜಾಂಶಗಳಿಂದ ಅವು ಡಬ್ಬಿಯೊಳಗೆ ಕಟ್ಟಿಕೊಳ್ಳುತ್ತವೆ, ಅಪಾಯವಿಲ್ಲ. ವಿನೆಗರ್‌ನಲ್ಲಿ ಹಾಕಿ ಕೆಲವು ನಿಮಿಷ ಬಿಸಿ ಮಾಡಿ: ಕರಗಿದರೆ ಸ್ಟ್ರುವೈಟ್, ಕರಗದಿದ್ದರೆ ಗಾಜೆಂದೇ ತಿಳಿದು ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಿ. ಆದರೆ ಮೀನು ನಾಲಿಗೆಗೆ ಮೆಣಸಿನಂತೆ ಚುರುಗುಟ್ಟಿದರೆ ಹಿಸ್ಟಮಿನ್ (ಮೀನು ಕೆಡುವಾಗ ಅದರಲ್ಲಿ ಹುಟ್ಟುವ, ಅಲರ್ಜಿಯಂಥ ತೊಂದರೆ ತರುವ ವಸ್ತು) ಹೆಚ್ಚಿರುವ ಸಾಧ್ಯತೆಯಿದೆ. ಅದು ಬೇಯಿಸಿದರೂ ಹೋಗುವುದಿಲ್ಲ, ಎರಡನೆಯ ತುತ್ತು ಬೇಡ.