ಅಣ್ಣನಿಗೆ ಕಿಡ್ನಿ: ‘ಹೂಂ’ ಅನ್ನುವ ಮೊದಲು

ಪ್ರಶ್ನೆ: ನನಗೆ 31 ವರ್ಷ. ವಿಜಯನಗರದಲ್ಲಿ ಮನೆ, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, 4 ವರ್ಷದ ಮಗ ಇದ್ದಾನೆ. ಅಣ್ಣನಿಗೆ 36. ಎರಡೂ ಕಿಡ್ನಿ ಹೋಗಿ ಎಂಟು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವನ ರಕ್ತದ ಗುಂಪು ಓ, ನನ್ನದೂ ಅದೇ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅತ್ತಿಗೆಯದು ಬಿ ಗುಂಪು. ಹಾಗಾಗಿ ಕೊಡುವವಳು ನಾನೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ನನ್ನನ್ನು ಯಾರೂ ಕೇಳಿಲ್ಲ. “ಒಡಹುಟ್ಟಿದವಳಾಗಿ ಇಷ್ಟೂ ಮಾಡಲ್ವಾ?” ಅಂತ ಅಮ್ಮ. “ನೀನೀಗ ಈ ಮನೆಯವಳು, ಇನ್ನೊಂದು ಮಗು ಬೇಡ್ವಾ?” ಅಂತ ಅತ್ತೆ. ಗಂಡ “ನಿನ್ನಿಷ್ಟ” ಅಂದು ಸುಮ್ಮನಾಗಿದ್ದಾರೆ. ಮುಂದಿನ ವಾರ ಪರೀಕ್ಷೆಗೆ ಕರೆದಿದ್ದಾರೆ. ಹೋದರೆ ಒಪ್ಪಿದಂತೆ, ಹೋಗದಿದ್ದರೆ ಅಣ್ಣನನ್ನು ಕೊಂದಂತೆ. ತುಂಬ ಹೆದರಿಕೆ ಆಗುತ್ತಿದೆ.
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಅಮ್ಮನ ಮಾತಿದೆ, ಅತ್ತೆಯ ಮಾತಿದೆ, ಗಂಡನ ಒಂದೇ ಒಂದು ಪದವೂ ಇದೆ. ಅಣ್ಣನ ಮಾತು ಮಾತ್ರ ಎಲ್ಲೂ ಇಲ್ಲ. ಅಲ್ಲಿಗೆ ಕೊನೆಯಲ್ಲಿ ಬರೋಣ.

ಮೊದಲು ಆ ‘ಕೊಂದಂತೆ’ ಎಂಬ ಪದವನ್ನು ಹೊಡೆದುಹಾಕಿ. ಲಿವರ್ ಕೈಕೊಟ್ಟರೆ ಅದರ ಬದಲು ವರ್ಷಗಟ್ಟಲೆ ದುಡಿಯುವ ಯಂತ್ರವಿಲ್ಲ. ಕಿಡ್ನಿಗೆ ಇದೆ, ನಿಮ್ಮ ಅಣ್ಣ ಅದರ ಮೇಲಿದ್ದಾರೆ. ಕಸಿ ಅದಕ್ಕಿಂತ ಉತ್ತಮ, ಬೇಗ ಆದಷ್ಟೂ ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಜೀವಂತ ದಾನಿಯ ಕಿಡ್ನಿ ಸಾಮಾನ್ಯವಾಗಿ 15ರಿಂದ 20 ವರ್ಷ ಕೆಲಸ ಮಾಡುತ್ತದೆ. ಆದರೂ ಇದು ತಿಂಗಳುಗಟ್ಟಲೆ ಯೋಚಿಸಬಹುದಾದ ವಿಷಯ. ಮುಂದಿನ ವಾರವೇ ಮುಗಿಸಬೇಕಾದ್ದೇನೂ ಇಲ್ಲ.

ಪರೀಕ್ಷೆಗೆ ಹೋಗಿ. ಹೋದರೆ ಒಪ್ಪಿದಂತೆ ಅಲ್ಲ. ಅಗ್ಗದ, ಸುಲಭದ ಪರೀಕ್ಷೆಗಳು ಮೊದಲು ನಡೆಯುತ್ತವೆ: ಬಿಪಿ, ಸಕ್ಕರೆ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಲ್ಮಶ), ಮೂತ್ರದಲ್ಲಿ ಪ್ರೋಟೀನ್, ಹೊಟ್ಟೆಯ ಸ್ಕ್ಯಾನ್. ಅನೇಕರು ಇಲ್ಲೇ ಹೊರಬೀಳುತ್ತಾರೆ. ಆಮೇಲೆ ಎಚ್‌ಎಲ್‌ಎ (ಇಬ್ಬರ ಅಂಗಾಂಶ ಎಷ್ಟು ಹೊಂದುತ್ತದೆ) ಮತ್ತು ಕ್ರಾಸ್‌ಮ್ಯಾಚ್ (ಅಣ್ಣನ ರಕ್ತ ನಿಮ್ಮ ಜೀವಕೋಶಗಳ ಮೇಲೆ ತಿರುಗಿಬೀಳುತ್ತದೆಯೇ). ಅದೂ ಸರಿಯಾದರೆ ಡಿಟಿಪಿಎ ಸ್ಕ್ಯಾನ್. ಯಾವ ಕಿಡ್ನಿ ಎಷ್ಟು ಪಾಲು ಕೆಲಸ ಮಾಡುತ್ತಿದೆ ಎಂದು ಇದು ಹೇಳುತ್ತದೆ. ಎರಡರಲ್ಲಿ ವ್ಯತ್ಯಾಸವಿದ್ದರೆ ಒಳ್ಳೆಯದು ನಿಮಗೇ ಉಳಿಯಬೇಕು, ಇದು ನಿಯಮ. ರಕ್ತನಾಳಗಳನ್ನು ನೋಡುವ ಸಿಟಿ ಆಂಜಿಯೋ ಕೊನೆಗೆ. ಹೋಗುವಾಗ ಮೊದಲ ಬಸುರಿನ ತಾಯಿ ಕಾರ್ಡ್ ಹುಡುಕಿ ತೆಗೆದುಕೊಂಡು ಹೋಗಿ. ಆಗ ಬಿಪಿಯೋ ಸಕ್ಕರೆಯೋ ಏರಿದ್ದರೆ ಲೆಕ್ಕವೇ ಬದಲಾಗುತ್ತದೆ. ಎಷ್ಟೋ ದಾನಿಗಳು ಇದನ್ನು ಹೇಳಲು ಮರೆಯುತ್ತಾರೆ.

ಇನ್ನೊಂದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು: 36ಕ್ಕೇ ಅಣ್ಣನ ಕಿಡ್ನಿ ಹೋಗಿದ್ದು ಏಕೆ? ನೀವು ಬರೆದಿಲ್ಲ. ವೈದ್ಯರನ್ನು ನೇರವಾಗಿ ಕೇಳಿ. ಗಂಟುಗಂಟಾಗಿ ನೀರ್ಗುಳ್ಳೆ ಏಳುವ ಪಾಲಿಸಿಸ್ಟಿಕ್ ಕಾಯಿಲೆಯಾಗಿದ್ದರೆ ಒಡಹುಟ್ಟಿದವರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ವಯಸ್ಸಿಗೆ ಸ್ಕ್ಯಾನ್‌ನಲ್ಲೇ ಸಾಮಾನ್ಯವಾಗಿ ಕಾಣಿಸುತ್ತದೆ, ಅನುಮಾನ ಉಳಿದರೆ ಎಂಆರ್‌ಐ ಅಥವಾ ಜೀನ್ ಪರೀಕ್ಷೆ. ಕಾರಣವೇ ಗೊತ್ತಾಗಿಲ್ಲ ಎಂದರೆ ನಿಮ್ಮ ಪರೀಕ್ಷೆ ಇನ್ನಷ್ಟು ಬಿಗಿಯಾಗಬೇಕು.

ಈಗ ಇದರಿಂದ ಹೊರಬರುವ ಬಾಗಿಲ ವಿಷಯ. ಆಪರೇಷನ್ ಥಿಯೇಟರಿಗೆ ಹೋಗುವವರೆಗೂ ನೀವು ಬೇಡ ಅನ್ನಬಹುದು. ಆಸ್ಪತ್ರೆಯ ಕಸಿ ಸಂಯೋಜಕರಿಗೆ ಮೊದಲ ದಿನವೇ ಹೇಳಿ: “ನಾನು ಒಬ್ಬಳೇ ಮಾತಾಡಬೇಕು.” ಅಮ್ಮನೂ ಅತ್ತಿಗೆಯೂ ಪಕ್ಕದಲ್ಲಿ ಕೂತಿರುವಾಗ ಕೊಟ್ಟ ಒಪ್ಪಿಗೆ ಏನು ಒಪ್ಪಿಗೆ? ಒಬ್ಬರೇ ಇದ್ದಾಗ ನೀವು ಬೇಡ ಎಂದರೆ, ಒಳ್ಳೆಯ ತಂಡ ಮನೆಯವರಿಗೆ “ದಾನಿಯಾಗಿ ಸೂಕ್ತರಲ್ಲ” ಎಂದಷ್ಟೇ ಹೇಳುತ್ತದೆ, ಕಾರಣ ಬಿಚ್ಚುವುದಿಲ್ಲ. ಅಂಗಾಂಗ ಕಸಿಯ 2014ರ ನಿಯಮಗಳಲ್ಲಿ, ದಾನಿ ಹೆಣ್ಣಾಗಿದ್ದರೆ ಆಕೆಯ ಸ್ವತಂತ್ರ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರು ಖಚಿತಪಡಿಸಬೇಕೆಂದು ಪ್ರತ್ಯೇಕವಾಗಿ ಬರೆದಿದೆ. ಹಾಗೆ ಬರೆಯಬೇಕಾಗಿ ಬಂತು ಎಂದರೆ ನಮ್ಮ ಮನೆಗಳಲ್ಲಿ ನಡೆಯುವುದೇನು ಎಂದು ಅರ್ಥವಾಗುತ್ತದೆ. ಗಂಡನ ಸಹಿಯನ್ನೂ ಆಸ್ಪತ್ರೆಗಳು ಕೇಳುವುದುಂಟು. ಅದು ಕಾನೂನಿನಲ್ಲಿ ಕಡ್ಡಾಯವಲ್ಲ, 2022ರಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿದೆ.

ಹೆದರಿಕೆಗೆ ಬರೋಣ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ದಾನಿಯ ಆಪರೇಷನ್ನಿನಲ್ಲಿ ಸಾವಿನ ಪ್ರಮಾಣ 10,000ಕ್ಕೆ ಸುಮಾರು 3, ಇತ್ತೀಚೆಗೆ ಅದಕ್ಕಿಂತಲೂ ಕಡಿಮೆ. ಬಹುಪಾಲು ಲ್ಯಾಪರೋಸ್ಕೋಪಿಯಲ್ಲೇ ಮಾಡುತ್ತಾರೆ. ಕಿಡ್ನಿಯನ್ನು ಹೊರತೆಗೆಯಲು ಹೊಟ್ಟೆಯ ಕೆಳಗೆ ಸಿಸೇರಿಯನ್ ಗಾಯದಂಥ ಒಂದು ಸೀಳು. ಹೊಟ್ಟೆಯೊಳಗೆ ತುಂಬಿದ ಗ್ಯಾಸ್‌ನಿಂದ ಎರಡು ದಿನ ಭುಜ ನೋಯುತ್ತದೆ, ಗಾಬರಿ ಬೇಡ. 3ರಿಂದ 5 ದಿನಕ್ಕೆ ಮನೆಗೆ. ಉಳಿದ ಕಿಡ್ನಿ ದಪ್ಪವಾಗಿ ಕೆಲಸ ಹೆಚ್ಚಿಸಿಕೊಳ್ಳುತ್ತದೆ. ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು 70% ಅದೊಂದರಿಂದಲೇ ಆಗುತ್ತದೆ. ಕ್ರಿಯಾಟಿನಿನ್ ಸ್ವಲ್ಪ ಏರಿ ಅಲ್ಲೇ ನಿಲ್ಲುವುದು ಸಹಜ. ದೂರದ ಅಪಾಯವನ್ನೂ ಮುಚ್ಚಿಡುವುದು ಬೇಡ: ಅಮೆರಿಕದ ದಾನಿಗಳ ಲೆಕ್ಕದಲ್ಲಿ, ಜೀವಮಾನದಲ್ಲಿ ಕಿಡ್ನಿ ವಿಫಲವಾಗುವ ಅಂದಾಜು 10,000ಕ್ಕೆ 90, ಅಷ್ಟೇ ಆರೋಗ್ಯವಿದ್ದೂ ಕೊಡದವರಲ್ಲಿ 14. ಸಣ್ಣದೇ, ಆದರೆ ಇದೆ. ಕೊಟ್ಟವರು ಪ್ರತಿ ವರ್ಷ ಬಿಪಿ, ಕ್ರಿಯಾಟಿನಿನ್, ಮೂತ್ರ ನೋಡಿಸಬೇಕು, ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳಿಂದ ದೂರವಿರಬೇಕು. ಅಣ್ಣನ ಚೆಕಪ್ಪಿಗೆ ಇಡೀ ಮನೆ ಓಡುತ್ತದೆ, ದಾನಿಯದನ್ನು ಎರಡನೇ ವರ್ಷಕ್ಕೇ ಮರೆಯುತ್ತಾರೆ.

ಅತ್ತೆಯ ಮಾತಿನ ದನಿ ಹಿಡಿಸದಿದ್ದರೂ ಪ್ರಶ್ನೆ ಸರಿಯಾಗಿದೆ. ಕೊಟ್ಟ ಮೇಲೂ ಮಗು ಆಗುತ್ತದೆ. ಆದರೆ 2015ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ದಾನಿಗಳ ಬಸುರಿನಲ್ಲಿ 11%ಗೆ ಬಿಪಿ ಸಮಸ್ಯೆ ಬಂದಿತ್ತು, ದಾನ ಮಾಡದವರಲ್ಲಿ 5%ಗೆ. ಹೆಚ್ಚಿನ ತಾಯಂದಿರೂ ಮಕ್ಕಳೂ ಚೆನ್ನಾಗಿದ್ದರು. ಎರಡನೆಯದು ಖಂಡಿತ ಬೇಕು ಎಂದು ನಿಮಗೇ (ಅತ್ತೆಗಲ್ಲ) ಅನ್ನಿಸಿದರೆ ಈಗಲೇ ತಂಡಕ್ಕೆ ಹೇಳಿ. ಕೊಟ್ಟ ಮೇಲೆ ಒಂದು ವರ್ಷವಾದರೂ ಕಾಯಲು ಹೇಳುತ್ತಾರೆ.

ಗಂಡನ “ನಿನ್ನಿಷ್ಟ” ಸಾಲದು. ಆಪರೇಷನ್ ಆಗಿ ಆರು ವಾರ ನೀವು 4–5 ಕಿಲೋಗಿಂತ ಭಾರ ಎತ್ತುವಂತಿಲ್ಲ. 4 ವರ್ಷದ ಮಗ ಸುಮಾರು 16 ಕಿಲೋ. ಅವನು ಎತ್ತಿಕೋ ಎಂದು ಅಳುವಾಗ ಎತ್ತಿಕೊಳ್ಳುವವರು ಯಾರು, ಸಿಲಿಂಡರ್ ಸರಿಸುವವರು ಯಾರು, ನೀರಿನ ಬಿಂದಿಗೆ ಯಾರು? ಅಮ್ಮ ಆಗ ಅಣ್ಣನ ಹತ್ತಿರ ಇರುತ್ತಾರೆ. ಆಫೀಸಿಗೆ ಕನಿಷ್ಠ ನಾಲ್ಕು ವಾರ ರಜೆ. ಕೇಂದ್ರ ಸರ್ಕಾರಿ ನೌಕರರಿಗಾದರೆ 2023ರಿಂದ ದಾನಿಗೆಂದೇ 42 ದಿನದ ವಿಶೇಷ ರಜೆ ಇದೆ, ನಿಮ್ಮಲ್ಲಿ ಏನಿದೆ ಎಂದು ಎಚ್‌ಆರ್ ಬಳಿ ಬರಹದಲ್ಲಿ ಕೇಳಿ. ಅಣ್ಣನ ವಿಮೆಯಲ್ಲಿ ದಾನಿಯ ಆಪರೇಷನ್ ವೆಚ್ಚ ಸೇರಿದ್ದರೂ ಮುಂಚಿನ ಪರೀಕ್ಷೆ, ನಂತರದ ತೊಂದರೆಗಳು ಅನೇಕ ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ಈ ಪ್ರಶ್ನೆಗಳನ್ನು ಗಂಡನ ಮುಂದಿಡಿ. ಉತ್ತರ ಕೊಟ್ಟರೆ ಅದು ಇಷ್ಟದ ಮಾತು.

ನೀವೊಬ್ಬರೇ ದಾರಿಯೂ ಅಲ್ಲ. ತೀರಿಕೊಂಡ ದಾನಿಗಳ ಅಂಗಾಂಗ ಹಂಚುವ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯ ಕಾಯುವ ಪಟ್ಟಿಯಲ್ಲಿ ಅಣ್ಣನ ಹೆಸರಿದೆಯೇ? ನೋಂದಣಿ ಆಸ್ಪತ್ರೆಯ ಮೂಲಕವೇ ಆಗಬೇಕು. “ತಂಗಿ ಇದ್ದಾಳಲ್ಲ” ಎಂದು ಇದನ್ನೇ ಬಿಟ್ಟುಬಿಡುವ ಕುಟುಂಬಗಳಿವೆ. ಇವತ್ತೇ ಕೇಳಿ, ಕಾಯುವುದು ವರ್ಷಗಟ್ಟಲೆ. ಅತ್ತಿಗೆಯ ಬಿ ಗುಂಪನ್ನೂ ತಳ್ಳಿಹಾಕಬೇಡಿ. ಗುಂಪು ಹೊಂದದೆಯೂ ಕಸಿ ಮಾಡಬಹುದು, ಬೇರೆ ಗುಂಪಿನ ಮೇಲೆ ತಿರುಗಿಬೀಳುವ ಪ್ರತಿಕಾಯಗಳನ್ನು ಅಣ್ಣನ ರಕ್ತದಿಂದ ಮೊದಲು ತೆಗೆಯಬೇಕು. ಖರ್ಚೂ ಸೋಂಕಿನ ಭಯವೂ ಹೆಚ್ಚು. ಇನ್ನೊಂದು ಜೋಡಿಯೊಡನೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಕಾನೂನಿನ ಅನುಮತಿಯಿದೆ, ಆದರೆ ಓ ಗುಂಪಿನ ರೋಗಿಗೆ ಸರಿಯಾದ ಜೋಡಿ ಸಿಗುವುದು ಕಷ್ಟ.

ಇನ್ನು ಅಣ್ಣ. ಪರೀಕ್ಷೆಯ ಮುಂಚಿನ ಯಾವುದಾದರೂ ಡಯಾಲಿಸಿಸ್ ದಿನ ನೀವೊಬ್ಬರೇ ಹೋಗಿ. ನಾಲ್ಕು ಗಂಟೆ ಅವರು ಎಲ್ಲೂ ಎದ್ದು ಹೋಗುವಂತಿಲ್ಲ. ಎರಡನೇ ಗಂಟೆಯಲ್ಲಿ ಹೋಗಿ, ಕೊನೆಕೊನೆಗೆ ಬಿಪಿ ಇಳಿದು ಸುಸ್ತಾಗಿರುತ್ತಾರೆ. ಎಳನೀರು, ಬಾಳೆಹಣ್ಣು ಒಯ್ಯಬೇಡಿ, ಪೊಟ್ಯಾಸಿಯಂ ಏರುತ್ತದೆ. ಒಳಗೆ ಬಿಡದಿದ್ದರೆ ಫೋನಿನಲ್ಲಾದರೂ ಮಾತಾಡಿ. ಹೆದರಿಕೆಯಾಗಿದೆ ಎಂದು ಅವರಿಗೇ ಹೇಳಿ, ಆಮೇಲೆ ಕೇಳಿ: ನನ್ನ ಕಿಡ್ನಿ ತೆಗೆದುಕೊಳ್ಳಲು ನಿನಗೆ ಮನಸ್ಸಿದೆಯಾ? ಅವರನ್ನೂ ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.