ಅಕ್ಕನ ಚಿನ್ನದ ಲೆಕ್ಕ ಅಫಿಡವಿಟ್‌ನಲ್ಲಿ ಹಾಕ್ಲೇಬೇಕಾ?

ಭಾವ ಮಂಜೇಶ್ವರದಲ್ಲಿ ಅಸೆಂಬ್ಲಿಗೆ ನಿಲ್ತಾರೆ, ಅಕ್ಕನ ಚಿನ್ನ ಬ್ಯಾಂಕ್ ಲೆಕ್ಕ ಎಲ್ಲ ಊರಿಗೇ ತೋರಿಸ್ಬೇಕಾ, ಅವಳಿಗೆ ಪ್ರೈವೆಸಿ ಇಲ್ವಾ ಅಂತ ಕೇಳಿದ್ದೀರಿ. ಹಾಕ್ಲೇಬೇಕು ಮಾರಾಯ್ರೆ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್, ಅಂದ್ರೆ ಫಾರ್ಮ್ 26ರಲ್ಲಿ ಹೆಂಡತಿಗೆ ಬೇರೆಯೇ ಕಾಲಂ ಉಂಟು, ಪ್ಯಾನ್, 5 ವರ್ಷದ ಐಟಿ ರಿಟರ್ನ್‌ನ ಆದಾಯ, ಕೆಲಸ, ಎಫ್‌ಡಿ, ಸೊಸೈಟಿ ಸಾಲ, ಚಿನ್ನದ ತೂಕ ಮತ್ತು ಬೆಲೆ, ತವರಿಂದ ಬಂದ ಅಡಿಕೆ ತೋಟ ಇದ್ರೆ ಅದರ ಸರ್ವೆ ನಂಬರ್, ವಿಸ್ತೀರ್ಣ, ಈಗಿನ ಮಾರ್ಕೆಟ್ ಬೆಲೆ ಸಹಿತ. ಖಾಲಿ ಬಿಟ್ರೆ ನಾಮಪತ್ರವೇ ತಿರಸ್ಕಾರ ಆಗ್ಬಹುದು, ಬೇಕಂತ ಮುಚ್ಚಿಟ್ರೆ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 125ಎ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ.

ಪ್ರೈವೆಸಿ ಪ್ರಶ್ನೆ 2003ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಲ್ಲಿ, ಆಸ್ತಿ ಹೆಂಡತಿ ಹೆಸರಲ್ಲಿ ಮಾಡುವುದು ಎಲ್ಲರಿಗೂ ಗೊತ್ತಿರುವ ವಿಷಯ, ಹಾಗಾಗಿ ಮತದಾರನಿಗೆ ತಿಳಿಯುವ ಹಕ್ಕೇ ಮೇಲು ಅಂತ ಆಯ್ತು. ನನಗೂ ಅದು ಸರಿ ಅನ್ಸುತ್ತೆ. ಆದ್ರೆ 2024ರಲ್ಲಿ ಅರುಣಾಚಲದ ಒಂದು ಕೇಸಲ್ಲಿ, ಮನೆಯ ಪ್ರತಿಯೊಂದು ಸಾಮಾನು ಬರೆಯಬೇಕಾಗಿಲ್ಲ, ದೊಡ್ಡ ಬೆಲೆಯದ್ದು ಅಥವಾ ಐಷಾರಾಮದ್ದಾದ್ರೆ ಮಾತ್ರ ಅಂತ ಅದೇ ಕೋರ್ಟ್ ಹೇಳಿದೆ.

ಅಕ್ಕನ ಆರೋಗ್ಯ, ಫೋನ್ ನಂಬರ್, ಫೇಸ್‌ಬುಕ್ ಇದ್ಯಾವುದೂ ಆ ಫಾರ್ಮಲ್ಲಿ ಇಲ್ಲ. ಪ್ರಚಾರಕ್ಕೆ ಬರ್ಬೇಕು, ಸ್ಟೇಜಲ್ಲಿ ಕೂತ್ಕೊಳ್ಬೇಕು ಅಂತ ಯಾವ ಕಾನೂನೂ ಇಲ್ಲ, ಪಾರ್ಟಿಯವರು ಒತ್ತಾಯ ಮಾಡಿದ್ರೂ ಬೇಡ ಅನ್ಬಹುದು. ನನಗೆ ಬೇಜಾರಾಗುವುದು ಬೇರೆ, ಅಫಿಡವಿಟ್‌ಗೆ ಸಹಿ ಹಾಕುವುದು ಭಾವ ಮಾತ್ರ, ಅಕ್ಕನ ಒಪ್ಪಿಗೆ ಯಾರೂ ಕೇಳುವುದಿಲ್ಲ. ಹಾಗಾಗಿ ನೋಟರಿ ಹತ್ರ ಹೋಗುವ ಮೊದಲು ಅವಳ ಕಾಲಂ ಪೂರ್ತಿ ಅವಳಿಗೇ ಓದ್ಲಿಕ್ಕೆ ಕೊಡಿ ಅಂತ ಭಾವನಿಗೆ ಖಂಡಿತ ಹೇಳಿ.